ಕೈ ಎತ್ತುವ ಮುಂಚೆ: ಮೊಮ್ಮಗನಿಗೊಂದು ಪತ್ರ

ಹಿರೇಕೊಟ್ನೆಕಲ್, ಮಾನ್ವಿ ತಾಲ್ಲೂಕು

ಚಿರಂಜೀವಿ ಯೋಹಾನನಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು.

ನಿಮ್ಮವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ; ಹತ್ತಿ ಬಿಡಿಸಲು ಹೋಗಬೇಡ ಅಂದರೆ ಕೇಳುವವಳಲ್ಲ. ನಿನಗೆಂದು ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ. ಯಾರಾದರೂ ರಾಯಚೂರಿಗೆ ಹೊರಟರೆ ಕೊಟ್ಟು ಕಳಿಸುತ್ತಾಳಂತೆ.

ಫೋನಿನಲ್ಲಿ ನೀನು ಕೇಳಿದ್ದು ಎರಡು ಮಾತು. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ನಮ್ಮ ಬಾಗಿಲ ನಕ್ಷತ್ರ ಒಡೆದ ಹುಡುಗನಿಗೆ ಬಸ್ ಸ್ಟ್ಯಾಂಡಿನಲ್ಲಿ ಕಪಾಳಕ್ಕೆ ಕೊಟ್ಟೆಯಲ್ಲ, ಅದರಲ್ಲಿ ತಪ್ಪೇನು ಅಂತ ಒಂದು. ಅಗ್ನಿವೀರ್ ಭರ್ತಿಗೆ ಅರ್ಜಿ ಹಾಕಬೇಕೆಂದಿದ್ದೇನೆ, ಕ್ರೈಸ್ತನಾದವನು ಬಂದೂಕು ಹಿಡಿಯಬಹುದೋ ಇಲ್ಲವೋ ಅಂತ ಇನ್ನೊಂದು. "ಯಾಕ ನಾವ ಯಾವಾಗಲೂ ಸುಮ್ಮ ಕುಂದರಬೇಕು ತಾತಾ?" ಅಂದೆ. ಫೋನಿನಲ್ಲಿ ಉತ್ತರ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬರುತ್ತದೆ. ಶಾಂತಿಯ ವಿಷಯವನ್ನು ಜಗಳ ಮಾಡಿಕೊಂಡು ಮಾತಾಡುವುದು ಸರಿಯಲ್ಲ. ಅದಕ್ಕೇ ಈ ಕಾಗದ.

ಮೊದಲು ಬಂದೂಕಿನ ಮಾತು. ಹೋಗಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಓರಗೆಯ ಹುಡುಗರು ನಸುಕಿನಲ್ಲಿ ಎದ್ದು 1600 ಮೀಟರ್ ಓಡುವುದು ಯಾರನ್ನೋ ಕೊಲ್ಲುವ ಆಸೆಯಿಂದ ಅಲ್ಲ, ತಿಂಗಳ ಸಂಬಳದ ಆಸೆಯಿಂದ ಅನ್ನುವುದು ನನಗೆ ಗೊತ್ತು. ನಾಲ್ಕು ವರ್ಷ ಆದಮೇಲೆ ನೂರಕ್ಕೆ ಎಪ್ಪತ್ತೈದು ಮಂದಿ ಮನೆಗೆ ಬರಬೇಕು ಅನ್ನುವುದೂ ನಿನಗೆ ಗೊತ್ತು. ಆ ಲೆಕ್ಕ ನೀನೇ ಹಾಕಿಕೊ. ನೀನು ಕೇಳಿದ್ದು ಧರ್ಮದ ಪ್ರಶ್ನೆ, ಅದಕ್ಕಷ್ಟೇ ಉತ್ತರ ಹೇಳುತ್ತೇನೆ.

ನೀನು ದಿನಾ ಹಾದು ಹೋಗುವ ರಾಯಚೂರು ಕೋಟೆಯಿಂದಲೇ ಶುರು ಮಾಡೋಣ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನಮ್ಮ ಎರೆ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಅವರಾದ ಮೇಲೆ ಬಿಜಾಪುರದವರೂ ತಲೆತಲಾಂತರ ಬಡಿದಾಡಿದರು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವನ್ನು ಸೋಲಿಸಿದ, ಆಮೇಲೆ ಕೋಟೆ ಹಿಡಿದ. ಆ ಕಾಳಗದ ಕತೆಯನ್ನು ನೂನಿಜ್ ಎಂಬ ಪೋರ್ಚುಗೀಸ ಬರೆದಿಟ್ಟಿದ್ದಾನೆ. ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾವೊ ದೆ ಫಿಗರೇದೊ ಎಂಬವನು ತನ್ನ ಕಡೆಯ ಸುಮಾರು 20 ಪೋರ್ಚುಗೀಸರೊಂದಿಗೆ ಕೋವಿ ಹಿಡಿದು, ಗೋಡೆಯ ಮೇಲೆ ತಲೆ ತೋರಿಸಿದವರನ್ನು ಉರುಳಿಸುತ್ತ ಹೋದ. ಆ ಮರೆಯಲ್ಲಿ ರಾಯನ ಆಳುಗಳು ಗೋಡೆಯ ಕಲ್ಲು ಕಿತ್ತರು. ನಾನು ಓದಿದ ಮಟ್ಟಿಗೆ ರಾಯಚೂರಿನ ಚರಿತ್ರೆಯಲ್ಲಿ ಹೆಸರು ಸಮೇತ ಸಿಗುವ ಹಳೆಯ ಕ್ರೈಸ್ತ ಇವನೇ. ಸುವಾರ್ತೆ ಸಾರಿದವನಲ್ಲ, ಗುಂಡು ಹೊಡೆದವನು.

ಮರುವರ್ಷ, ಅದೇ ಮೇ ತಿಂಗಳು, ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಇನ್ನೊಬ್ಬ ಸೈನಿಕನ ಕಾಲಿಗೆ ತೋಪಿನ ಗುಂಡು ಬಡಿಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ಅವನ ಮನಸ್ಸು ತಿರುಗಿತು. 1522ರಲ್ಲಿ ಮೊಂತ್ಸೆರಾತ್ ಬೆಟ್ಟದ ಗುಡಿಯಲ್ಲಿ ಇಡೀ ರಾತ್ರಿ ಜಾಗರಣೆ ಕುಳಿತು, ಕತ್ತಿಯನ್ನು ಅಲ್ಲಿಯೇ ಬಿಟ್ಟು ನಡೆದ. ಲೊಯೋಲದ ಇಗ್ನೇಷಿಯಸ್. ಮಾನ್ವಿಯಲ್ಲಿ ನೀನು ಓದಿದ ಶಾಲೆಗೆ ಅವನದೇ ಹೆಸರು. ಎಷ್ಟು ವರ್ಷ ಆ ಹೆಸರಿನ ಬೋರ್ಡಿನ ಕೆಳಗೆ ಪ್ರಾರ್ಥನೆಗೆ ಸಾಲು ನಿಂತೆ, ಅವನು ಕತ್ತಿ ಬಿಟ್ಟವನು ಅಂತ ಕೇಳಿದ್ದೆಯಾ?

ಒಂದೇ ಕಾಲದ ಇಬ್ಬರು ಕ್ರೈಸ್ತರು. ಒಬ್ಬ ಕೋವಿ ಎತ್ತಿದ, ಒಬ್ಬ ಕತ್ತಿ ಇಳಿಸಿದ. ಹಾಗಾಗಿ ಕ್ರೈಸ್ತರು ಯುದ್ಧ ಮಾಡಿಲ್ಲ ಅಂತ ನಾನು ಹೇಳಿದರೆ ನೀನು ನಗಬೇಕು. ಆದರೆ ಮಾಡದೆ ಇದ್ದವರ ಸಾಲೂ ಒಂದಿದೆ, ಅದು ಇಗ್ನೇಷಿಯಸನಿಗಿಂತ ಬಹಳ ಹಳೆಯದು. ಕ್ರಿಸ್ತಶಕ 295ರಲ್ಲಿ ಉತ್ತರ ಆಫ್ರಿಕದಲ್ಲಿ ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಹುಡುಗನನ್ನು ರೋಮ್ ಸೈನ್ಯದ ಭರ್ತಿಗೆ ತಂದು ನಿಲ್ಲಿಸಿದರು. ಅಪ್ಪನೇ ಸೈನ್ಯದವನು. ಹುಡುಗನ ಎತ್ತರ ಅಳೆದರು, ಸರಿಯಾಗಿತ್ತು. ಅವನು ಒಲ್ಲೆ ಅಂದ. ಚಕ್ರವರ್ತಿಯ ದಂಡಿನಲ್ಲಿ ಬೇರೆ ಕ್ರೈಸ್ತರಿದ್ದಾರಲ್ಲ ಅಂತ ಅಧಿಕಾರಿ ಕೇಳಿದಾಗ, ಅವರಿಗೆ ಯಾವುದು ಸರಿ ಅನ್ನುವುದು ಅವರಿಗೆ ಗೊತ್ತು, ನಾನು ಮಾತ್ರ ಕೇಡು ಮಾಡಲಾರೆ ಅನ್ನುವ ಅರ್ಥದ ಉತ್ತರ ಕೊಟ್ಟ. ಅವತ್ತೇ ತಲೆ ಹೊಡೆದರು. ಆ ಉತ್ತರದಲ್ಲಿ ನನಗೆ ಹಿಡಿಸುವುದು ಇದು: ಸಾಯುವ ಹೊತ್ತಿನಲ್ಲೂ ಅವನು ದಂಡಿನಲ್ಲಿದ್ದ ಸಹೋದರರನ್ನು ದೂರಲಿಲ್ಲ.

1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಒಂದು ಗುಂಪು ಈ ಹಳೇ ದಾರಿಯನ್ನೇ ಮತ್ತೆ ಹಿಡಿಯಿತು. ಆಮೇಲೆ ಮೆನ್ನೊ ಸೈಮನ್ಸ್ ಎಂಬ ಡಚ್ ಪಾದ್ರಿಯ ಹೆಸರಿನಿಂದ ಅವರನ್ನು ಮೆನ್ನೊನೈಟರು ಅಂದರು. ಅವರೊಳಗಿನ ಡಿರ್ಕ್ ವಿಲೆಮ್ಸ್ ಎಂಬಾತ 1569ರಲ್ಲಿ ನೆದರ್ಲೆಂಡ್ಸಿನ ಆಸ್ಪೆರೆನ್ ಊರಿನ ಸೆರೆಮನೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ. ಚಳಿಗೆ ಕೆರೆ ಹೆಪ್ಪುಗಟ್ಟಿತ್ತು. (ನಮ್ಮ ಮಾನ್ವಿಯ ಬಿಸಿಲಿನಲ್ಲಿ ಕುಳಿತು ಇದನ್ನು ಊಹಿಸುವುದು ಕಷ್ಟವೇ.) ಸೆರೆಮನೆಯ ಊಟ ತಿಂದು ಸೊರಗಿದ್ದ ಡಿರ್ಕ್ ಮಂಜಿನ ಮೇಲೆ ಹಗುರಾಗಿ ದಾಟಿಬಿಟ್ಟ. ಬೆನ್ನಟ್ಟಿದ ಕಾವಲುಗಾರ ಮಂಜು ಒಡೆದು ನೀರಿಗೆ ಬಿದ್ದು ಕೂಗಿಕೊಂಡ. ಡಿರ್ಕ್ ತಿರುಗಿ ಬಂದು ಅವನನ್ನು ಎತ್ತಿದ. ಅಲ್ಲೇ ಹಿಡಿದು ಮತ್ತೆ ಸೆರೆಗೆ ಹಾಕಿ, ಆ ವರ್ಷದ ಮೇ ತಿಂಗಳಲ್ಲಿ ಅವನನ್ನು ಸುಟ್ಟರು.

ಇವರು ದೂರದವರು ಅನ್ನಬೇಡ. 2013ರಲ್ಲಿ ಶುರುವಾದ ಗದ್ವಾಲ ಲೈನಿನ ರೈಲು ಹತ್ತಿದರೆ ಆ ಕಡೆ ಅವರ ಸಭೆಗಳ ಸೀಮೆಯೇ ಇದೆ. 1899ರಲ್ಲಿ ಎನ್. ಎನ್. ಹೀಬರ್ಟ್ ಅಮೆರಿಕದಿಂದ ಬಂದಮೇಲೆ ಬೆಳೆದ ಮೆನ್ನೊನೈಟ್ ಬ್ರದರನ್ ಮಿಷನ್ನು ವನಪರ್ತಿ, ಮಹಬೂಬನಗರ, ಗದ್ವಾಲ, ಜಡಚರ್ಲ, ಕನ್ನಡ ಮಾತಾಡುವವರೂ ಇರುವ ನಾರಾಯಣಪೇಟೆ, ಇಲ್ಲೆಲ್ಲ ಹರಡಿತು. ನಮ್ಮ ಬೀಗರ ಕಡೆಯ ಮದುವೆಗಳಿಗೆ ಹೋದಾಗ ಅವರ ಆರಾಧನೆಯಲ್ಲಿ ಕುಳಿತಿದ್ದೇನೆ. ತೆಲುಗು ಕೀರ್ತನೆ ಚೆಂದ ಹಾಡುತ್ತಾರೆ. ಆದರೆ ಡಿರ್ಕನ ಕತೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಿ, ಅಲ್ಲಿನ ಯಾರ ಬಾಯಲ್ಲೂ ಅಲ್ಲ. ಶಾಲೆ, ಆಸ್ಪತ್ರೆ, ಬೈಬಲು ಎಲ್ಲವನ್ನೂ ಕೊಟ್ಟವರು ತಮ್ಮ ಮನೆಯ ದೊಡ್ಡ ಆಸ್ತಿಯನ್ನು ಕೊಡಲು ಮರೆತರೋ ಏನೋ ಅಂತ ನನಗೆ ಆಗಾಗ ಅನಿಸುವುದುಂಟು.

ಈಗ ನನ್ನ ಮಾತು ಹೇಳುತ್ತೇನೆ. ಶಾಂತಿ ಅನ್ನುವುದು ಮೆತ್ತಗಿನ ಸ್ವಭಾವ ಅಲ್ಲ. ನಿನ್ನ ತಾತ ಮೆತ್ತಗಿನವನಲ್ಲ ಅಂತ ಊರಿಗೇ ಗೊತ್ತು. ನೀನು 1600 ಮೀಟರ್ ಓಡುವ ಹಾಗೆಯೇ ಅದೂ ದಿನಾ ಮಾಡಿ ಬರಬೇಕಾದ ತಾಲೀಮು. ಮತ್ತು ಒಬ್ಬನೇ ಮಾಡಲಿಕ್ಕೆ ಬರುವುದಿಲ್ಲ, ಸಭೆ ಬೇಕು. ಅದೂ ನಮಗೆ ಆಗಿಬರದ ಜನ ಇರುವ ಸಭೆಯೇ ಬೇಕು.

ಇದನ್ನು ನಾನು ಕಣ್ಣಾರೆ ನೋಡಿದೆ. ನೀನು ಆಗ ಹಾಸ್ಟೆಲಿನಲ್ಲಿದ್ದೆ, ಮೇಲಿನ ಸುದ್ದಿಯಷ್ಟೇ ಕೇಳಿರುತ್ತೀ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿ ಹೋಯಿತಲ್ಲ. ಅಲ್ಲಿ ಹೊಸಪೇಟೆಯಲ್ಲಿ ನೀರು ನದಿಯ ಪಾಲಾಗುತ್ತಿದ್ದರೆ ಇಲ್ಲಿ ಎಡದಂಡೆ ಕಾಲುವೆಯನ್ನು ನಂಬಿದವರಿಗೆ ನಿದ್ದೆ ಇಲ್ಲ. ಮೇಲಿನವರು ಭತ್ತ ಹಚ್ಚಿ ಬಿಟ್ಟ ನೀರೇ ಕೊನೇ ಭಾಗದ ಮಾನ್ವಿ, ರಾಯಚೂರಿಗೆ ಬರಬೇಕು. ಇದ್ದ ವರ್ಷವೇ ಬರುವುದು ಕಷ್ಟ. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಆದರೆ ಹೆದರಿಕೆ ಇಳಿಯಲಿಲ್ಲ. ಹೊಲಗಾಲುವೆಯ ಪಾಳಿ ತಪ್ಪಿತು. ನಮ್ಮ ಸಭೆಯಲ್ಲಿ ಕೀರ್ತನೆ ಎತ್ತಿಕೊಡುವವನು ಮತ್ತು ಧೋಲಕ್ ಬಾರಿಸುವವನು ಷಡ್ಡಕರು, ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು. ರಾತ್ರಿ ತೂಬಿನ ಹತ್ತಿರ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಒಬ್ಬನು ಸಲಿಕೆಯ ಕಾವಿನಿಂದ ಇನ್ನೊಬ್ಬನ ತಲೆಗೆ ಹೊಡೆದ. ಮಾನ್ವಿಗೆ ಒಯ್ದು ಹೊಲಿಗೆ ಹಾಕಿಸಿದರು. ಎರಡು ಮನೆಯ ಹೆಣ್ಣುಮಕ್ಕಳು, ಒಂದೇ ತಾಯಿಯ ಮಕ್ಕಳು, ನಳದ ಹತ್ತಿರ ಮುಖ ತಿರುವಿಕೊಂಡು ನಿಂತರು.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಇಬ್ಬರೂ ಬಂದಿದ್ದರು. ಒಬ್ಬನು ತಲೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲ ಬಳಿ, ಇನ್ನೊಬ್ಬ ಧೋಲಕ್ಕಿನ ಹಿಂದೆ. ಅಯ್ಯನವರು ಪ್ರಸಂಗ ಮುಗಿಸಿ ಮೇಜಿನ ಹತ್ತಿರ ಹೋದರು, ರೊಟ್ಟಿಯ ಮೇಲಿನ ಬಿಳೀ ಬಟ್ಟೆ ತೆಗೆದರು, ಒಂದು ಗಳಿಗೆ ನಿಂತರು, ಮತ್ತೆ ಮುಚ್ಚಿದರು. ಇವತ್ತು ಭೋಜನ ಇಲ್ಲ, ಮನೆಗೆ ಹೋಗಿರಿ ಅಂದರು. ಅಷ್ಟೇ. ಯಾರ ಹೆಸರೂ ಎತ್ತಲಿಲ್ಲ.

ನೋಡಬೇಕಿತ್ತು ನೀನು, ಜನಕ್ಕೆ ಬಂದ ಸಿಟ್ಟು! ಹೊಡೆದಾಡಿದವರ ಮೇಲಲ್ಲ, ಅಯ್ಯನವರ ಮೇಲೆ. ಅವರಿಬ್ಬರನ್ನು ಬಿಟ್ಟು ನಮಗೆ ಕೊಡಬೇಕಿತ್ತು, ನಮ್ಮ ಪಾಲು ಯಾಕೆ ನಿಲ್ಲಿಸಿದಿರಿ ಅಂತ ಹಿರಿಯರೇ ಗದ್ದಲ ಮಾಡಿದರು. ಅದರಲ್ಲಿ ನಾನೂ ಒಬ್ಬ. ಅಯ್ಯನವರು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ ತೆಗೆದು ಕೈಗೆ ಕೊಟ್ಟರು. ಬಲಿಪೀಠದ ಹತ್ತಿರ ಹೋದಾಗ ಸಹೋದರನ ಮನಸ್ಸು ನೊಂದಿದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಅಂತ ಅಲ್ಲಿ ಇದೆಯಲ್ಲ. ಎಷ್ಟೋ ಸಲ ಓದಿದ ಮಾತು. ಸಭೆಯಲ್ಲಿ ಅದನ್ನು ಮಾಡಿ ತೋರಿಸಿದ್ದು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಆದದ್ದು ಏನು ಗೊತ್ತೇ? ಎಲ್ಲರ ಪಾಲೂ ನಿಂತಿದ್ದರಿಂದ ಜಗಳ ಬಿಡಿಸುವುದು ಎಲ್ಲರ ಕೆಲಸವಾಯಿತು. ಸ್ತ್ರೀ ಸಮಾಜದ ಮುದುಕಿಯರು ದಿನಾ ಸಂಜೆ ಒಂದೊಂದು ಮನೆಗೆ ಹೋಗಿ ಕೂರತೊಡಗಿದರು. ಪ್ರಾರ್ಥನೆ ಮುಗಿದರೂ ಏಳುತ್ತಿರಲಿಲ್ಲ. ಬರೇ ಬುದ್ಧಿ ಹೇಳಿ ಬರಲಿಲ್ಲ ಅವರು, ಲೆಕ್ಕ ಕೇಳಿದರು. ಹೊಲಿಗೆಗೆ ಎಷ್ಟಾಯಿತು, ಕೂಲಿ ಎಷ್ಟು ದಿನದ್ದು ಹೋಯಿತು, ನೀರಿಲ್ಲದೆ ಎಷ್ಟು ಹೊಲ ಒಣಗಿತು. ಹೊಡೆದವನು ಆಸ್ಪತ್ರೆಯ ಖರ್ಚೂ ಕೂಲಿಯ ದುಡ್ಡೂ ಕೊಟ್ಟ, ತನ್ನ ಪಾಳಿಯ ನೀರನ್ನು ಬಿಟ್ಟುಕೊಟ್ಟ. ಹೊಡೆಸಿಕೊಂಡವನು ಪೊಲೀಸ್ ಕಂಪ್ಲೇಂಟ್ ಬರೆಸುವುದನ್ನು ಬಿಟ್ಟ. ಎರಡು ತಿಂಗಳ ಮೇಲೆ ಮತ್ತೆ ರೊಟ್ಟಿ ಮುರಿದರು. ಆವತ್ತು ಇಬ್ಬರೂ ಕೈ ಕೊಟ್ಟುಕೊಂಡರು. ಮುಖ ನೋಡಿಕೊಳ್ಳಲಿಲ್ಲ, ಒಬ್ಬ ಗೋಡೆ ನೋಡುತ್ತಿದ್ದ, ಒಬ್ಬ ನೆಲ. ಇವತ್ತಿಗೂ ಅವರ ನಡುವೆ ಮಾತು ಕಮ್ಮಿ. ಆದರೆ ಪಾಳಿ ತಪ್ಪಿಲ್ಲ, ಕೀರ್ತನೆಗೆ ತಾಳ ತಪ್ಪಿಲ್ಲ. ನನಗೆ ಅಷ್ಟು ಸಾಕು. ಅಪ್ಪಿಕೊಂಡು ಅಳುವುದೆಲ್ಲ ಸಿನಿಮಾದಲ್ಲಿ.

ನಿನ್ನ ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ಸುಮ್ಮನೆ ಕುಳಿತುಕೊಳ್ಳುವುದು ಶಾಂತಿ ಅಂತ ನಿನಗೆ ಯಾರು ಹೇಳಿದರು? ಸುಮ್ಮನೆ ಕೂರಿಸಿದ್ದು ಬೇರೆಯವರು. ನಮ್ಮ ಹಿರಿಯರನ್ನು ಹೋಟೆಲಿನ ಹೊರಗೆ, ಬಾವಿಯಿಂದ ದೂರ. ಅದಕ್ಕೆ ತಲೆಬಾಗಿದ್ದನ್ನು ನಾನು ಸದ್ಗುಣ ಅನ್ನುವುದಿಲ್ಲ. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಚವದಾರ ಕೆರೆಯ ನೀರು ಕುಡಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದು ಹೊಡೆದರು. ತಿರುಗಿ ಹೊಡೆಯಲು ಸಿದ್ಧರಾಗಿದ್ದವರು ಸುತ್ತ ಇದ್ದರು, ಅವರಲ್ಲಿ ಸೈನ್ಯದಲ್ಲಿದ್ದು ಬಂದವರೂ ಇದ್ದರು. ಬಾಬಾಸಾಹೇಬರು ಬೇಡ ಅಂದು ತಡೆದರು. ಆದರೆ ಬಿಡಲಿಲ್ಲ, ಕೋರ್ಟಿನಲ್ಲಿ ಹತ್ತು ವರ್ಷ ಬಡಿದಾಡಿದರು, 1937ರಲ್ಲಿ ಮುಂಬೈ ಹೈಕೋರ್ಟು ಕೆರೆಯ ಹಕ್ಕು ದಲಿತರದ್ದೂ ಹೌದು ಅಂದಿತು. ಅವರು ಕ್ರೈಸ್ತರಲ್ಲ. ಆದರೂ ಆ ದಿನ ತಡೆದು ಹಿಡಿದ ಕೈಗಳು ಪರ್ವತ ಪ್ರಸಂಗಕ್ಕೆ ನನ್ನ ಕೈಗಿಂತ ಹತ್ತಿರ ಇದ್ದವು.

1956ರ ಜನವರಿಯಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದಾಗಲೂ ಇದೇ. ಹೆಂಡತಿ ಮತ್ತು ಕೂಸು ಒಳಗಿದ್ದರು. ಅಂಗಳದಲ್ಲಿ ಸೇರಿದ ಜನರ ಕೈಯಲ್ಲಿ ಆಯುಧಗಳಿದ್ದವು. ಕಿಂಗ್ ಮುರಿದ ಜಗಲಿಯ ಮೇಲೆ ನಿಂತು ಅವರನ್ನು ಮನೆಗೆ ಕಳಿಸಿದರು. ತಾವು ನಡೆಸುತ್ತಿದ್ದ ಬಸ್ ಬಹಿಷ್ಕಾರ ಮಾತ್ರ ಬಿಡಲಿಲ್ಲ, ಅದು 381 ದಿನ ನಡೆಯಿತು. ಅಷ್ಟು ದಿನ ನಡೆದು ಕೆಲಸಕ್ಕೆ ಹೋದವರನ್ನು ಹಿಡಿದು ನಿಲ್ಲಿಸಿದ್ದು ಚರ್ಚುಗಳಲ್ಲಿ ಮತ್ತೆ ಮತ್ತೆ ಕೂಡಿ ಹಾಡಿದ ಕೂಟಗಳು. ನಮ್ಮ ದೇಶದಲ್ಲಿ ಬಾಳಿದ ಮೆಥಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಗಾಂಧೀಜಿಯ ಬಗ್ಗೆ ಬರೆದ ಪುಸ್ತಕ ತಮಗೆ ದಾರಿ ತೋರಿಸಿತು ಅಂತ ಕಿಂಗ್ ಅವರೇ ಜೋನ್ಸರಿಗೆ ಹೇಳಿದ್ದರಂತೆ.

ನಮ್ಮದೂ ಒಂದು ಹಳೇ ಗಾಯ ಇದೆಯಲ್ಲ. 1950ರ ರಾಷ್ಟ್ರಪತಿ ಆದೇಶದಿಂದ, ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ನಾವು ಹೊರಗೇ. ಇದು ನನಗೂ ರಕ್ತ ಕುದಿಸುತ್ತದೆ. ಅದಕ್ಕೆ ಅರ್ಜಿ ಬರೆದಿದ್ದೇವೆ, ಧರಣಿ ಕೂತಿದ್ದೇವೆ, ಇನ್ನೂ ಕೂರುತ್ತೇವೆ. ನಿನಗೆ ಹೊಡೆದಾಡುವ ಹುರುಪಿದ್ದರೆ ಇಲ್ಲಿ ಬಾ, ಕೆಲಸ ಬಹಳ ಇದೆ. ಒಂದು ಬಣ್ಣದ ಕಾಗದದ ನಕ್ಷತ್ರಕ್ಕೆ ಇಪ್ಪತ್ತು ವರ್ಷದ ತೋಳಿನ ಬಲ ಖರ್ಚು ಮಾಡಬೇಡ.

ಕ್ಷಮಿಸಿದರೆ ತಪ್ಪು ಮಾಡಿದವನು ಪಾರಾಗುತ್ತಾನೆ ಅಂತಲೂ ನೀನು ಅಂದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗ ಸುಟ್ಟರು. ಹೆಂಡತಿ ಗ್ಲಾಡಿಸ್, ನಾನು ಕ್ಷಮಿಸಿದ್ದೇನೆ ಅಂದರು. ದೇಶ ಬಿಟ್ಟು ಓಡಲಿಲ್ಲ, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕಾನೂನೂ ತನ್ನ ದಾರಿ ಹಿಡಿದು ಹೋಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ಜನವರಿಯಲ್ಲಿ ನಮ್ಮ ಮನೆ ಕೂಟದಲ್ಲಿ ಯಾರಿಗೂ ಪ್ರಾರ್ಥನೆಯ ಮಾತು ಬರಲಿಲ್ಲ. ಕೊನೆಗೆ ನಿನ್ನ ಮುತ್ತಜ್ಜಿ, ಅಕ್ಷರ ಬಾರದವಳು, ಸುಟ್ಟವರನ್ನು ಹೆತ್ತ ತಾಯಂದಿರಿಗಾಗಿ ಪ್ರಾರ್ಥಿಸಿದಳು. ನನಗೆ ಆಗ ಅದು ಸರಿ ಅನಿಸಲಿಲ್ಲ. ಈಗ ಪ್ರತಿ ಭಾನುವಾರ ನಾವು ವಿರೋಧಿಗಳಿಗಾಗಿ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ, ಅದು ಅವಳು ಹಾಕಿಕೊಟ್ಟ ಪದ್ಧತಿ.

ನೀನು ಹೊಡೆದ ಹುಡುಗನ ಅವ್ವ ಮರುದಿನ ನಮ್ಮ ಮನೆಗೆ ಬಂದಿದ್ದಳು. ನಿಮ್ಮವ್ವನ ಜೊತೆಗೇ ಹತ್ತಿ ಬಿಡಿಸುವವಳು. ನಕ್ಷತ್ರ ಒಡೆದದ್ದಕ್ಕೆ ನಾಚಿಕೊಂಡಳು, ಆಮೇಲೆ ನಾಲ್ಕು ಜನರ ಮುಂದೆ ನನ್ನ ಮಗನಿಗೆ ಹೊಡೆದದ್ದು ಸರಿಯೇನ್ರಿ ಮಾಸ್ತರ ಅಂತ ಕೇಳಿದಳು. ನಿಮ್ಮವ್ವ ಅವಳಿಗೆ ಕರ್ಜಿಕಾಯಿ ಕಟ್ಟಿಕೊಟ್ಟಳು. ಮುದಗಲ್ಲಿನಲ್ಲಿ ಮೊಹರಮ್ಮಿಗೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ, ಆ ಊರಿನಲ್ಲೇ ಆದಿಲ್ ಶಾಹಿಗಳ ಕಾಲದಿಂದ ಕ್ಯಾಥೋಲಿಕರೂ ಬಾಳಿದ್ದಾರೆ. ನಮ್ಮ ಸೀಮೆ ಅಂಥದ್ದು. ಇದನ್ನು ಕೆಡಿಸುವವರು ಆ ಹುಡುಗನ ಕಡೆಯವರಲ್ಲೂ ಇದ್ದಾರೆ, ನೀನು ಆ ಕಪಾಳದ ಏಟನ್ನು ಮೊಬೈಲಿನಲ್ಲಿ ರೀಲು ಮಾಡಿ ಹಾಕಿ ಅಂಥವರಿಗೆ ಸಹಾಯ ಮಾಡಿದೆ.

ಸೈನ್ಯದ ಮಾತಿಗೆ ನನ್ನ ತೀರ್ಪು ಇಷ್ಟು. ಎರಡನೇ ಮಹಾಯುದ್ಧದಲ್ಲಿ ಡೆಸ್ಮಂಡ್ ಡಾಸ್ ಎಂಬ ಅಡ್ವೆಂಟಿಸ್ಟ್ ಕ್ರೈಸ್ತ ಬಂದೂಕು ಮುಟ್ಟದೆ ವೈದ್ಯಕೀಯ ಸಹಾಯಕನಾಗಿ ದಂಡಿನಲ್ಲಿದ್ದ. 1945ರಲ್ಲಿ ಓಕಿನಾವದ ಕಡಿದಾದ ಬಂಡೆಯ ಮೇಲಿಂದ ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಇಳಿಸಿದ. ಅವನ ಸಿನಿಮಾ ನೀನು ಮೊಬೈಲಿನಲ್ಲಿ ನೋಡಿದ್ದೀಯಂತೆ. ಅಂಥ ದಾರಿ ಅಗ್ನಿವೀರರಿಗೆ ಸುಲಭವಾಗಿ ಸಿಗುತ್ತದೆ ಅಂತ ನಾನು ಆಸೆ ಹಚ್ಚುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಹೋಗುತ್ತಿರಲಿಲ್ಲ. ನೀನು ಹೋದರೂ ನಮ್ಮ ಸಭೆಯವನೇ, ನಿನ್ನ ಹೆಸರು ಹಿಡಿದು ಪ್ರಾರ್ಥಿಸುವುದು ನಿಲ್ಲುವುದಿಲ್ಲ.

ಅರ್ಜಿಗೆ ಇನ್ನೂ ದಿನ ಇದೆ, ಅವಸರ ಬೇಡ. ಬರುವ ಭಾನುವಾರ ಕರ್ತನ ಭೋಜನ. ಶನಿವಾರ ಸಂಜೆಯ ಬಸ್ಸಿಗೆ ಬಾ, ಆ ಹುಡುಗನ ಮನೆಗೆ ನಾನೂ ನೀನೂ ಹೋಗೋಣ. ಅವನೂ ಕ್ಷಮೆ ಕೇಳಬೇಕು, ನೀನೂ ಕೇಳಬೇಕು. ಯಾರು ಮೊದಲು ಅಂತ ದಾರಿಯಲ್ಲಿ ಎಷ್ಟು ಬೇಕಾದರೂ ಜಗಳಾಡು. ಆ ರೀಲನ್ನು ಮಾತ್ರ ಈ ಕಾಗದ ಓದಿದ ಕೂಡಲೇ ತೆಗೆದುಹಾಕು.

ಇಂತಿ ನಿನ್ನ ತಾತ